ಮುಚ್ಚಿದ ಕೋಳಿಮನೆಯ ಅಲಾರಂ ಕಂಟ್ರೋಲರ್: ದಾಖಲೆ ಇಡುವ ಹಾಗೂ ಸೆಟ್ಟಿಂಗಿನ ಪ್ರತಿ ಕಾಯ್ದಿರಿಸುವ ಕ್ರಮ

ಮಾಂಸದ ಕೋಳಿ ಸಾಕಣೆಯಲ್ಲಿ, ಬದಿಗಳಿಗೆ ಜಾಲರಿ ಬಿಗಿದ ತೆರೆದ ಮನೆಗಳ ಜೊತೆಗೆ ವಾತಾವರಣ ನಿಯಂತ್ರಿತ ಮುಚ್ಚಿದ ಮನೆಗಳೂ ಬಳಕೆಗೆ ಬಂದಿವೆ. ಇವನ್ನು ಇ.ಸಿ. ಶೆಡ್ ಎಂದು ಕರೆಯುವುದು ರೂಢಿ. ಇಂತಹ ಮನೆಯ ಒಂದು ತುದಿಯಲ್ಲಿ ನೀರು ಇಳಿಯುವ ಕೂಲಿಂಗ್ ಪ್ಯಾಡ್ ಇರುತ್ತದೆ. ಇನ್ನೊಂದು ತುದಿಯಲ್ಲಿ ದೊಡ್ಡ ಫ್ಯಾನುಗಳಿದ್ದು, ಅವು ಗಾಳಿಯನ್ನು ಮನೆಯ ಉದ್ದಕ್ಕೂ ಎಳೆದು ಹೊರಗೆ ಹಾಕುತ್ತವೆ. ಕಡಿಮೆ ಜಾಗದಲ್ಲಿ ಹೆಚ್ಚು ಕೋಳಿಗಳನ್ನು ಸಾಕಲು, ಬೇಸಿಗೆಯಲ್ಲಿಯೂ ಉತ್ತಮ ತೂಕ ಪಡೆಯಲು ಈ ಪದ್ಧತಿ ಅನುಕೂಲಕರ. ಆದರೆ ಇದರಲ್ಲಿ ಒಂದು ಅಪಾಯವೂ ಇದೆ. ತೆರೆದ ಮನೆಯಲ್ಲಿ ಕರೆಂಟು ಹೋದರೂ ಗಾಳಿ ಆಡುತ್ತಿರುತ್ತದೆ. ಮುಚ್ಚಿದ ಮನೆಯಲ್ಲಿ ಫ್ಯಾನು ನಿಂತರೆ ಗಾಳಿಯೂ ನಿಂತಂತೆಯೇ.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ದೇಹದ ಉಷ್ಣತೆ ಸುಮಾರು ೪೧ ಡಿಗ್ರಿ ಸೆಲ್ಸಿಯಸ್. ಸೆಕೆ ಹೆಚ್ಚಾದಾಗ ಅದು ಬಾಯಿ ತೆರೆದು ಏದುಸಿರು ಬಿಡುತ್ತ ದೇಹವನ್ನು ತಂಪು ಮಾಡಿಕೊಳ್ಳುತ್ತದೆ. ಎರಡು ಕಿಲೋ ತೂಕದ ಒಂದು ಕೋಳಿಯ ದೇಹದಿಂದ ಹೊರಬೀಳುವ ಶಾಖವನ್ನು ಸುಮಾರು ೧೫ ವಾಟ್ ಎಂದು ಇಟ್ಟುಕೊಂಡರೂ, ೧೦,೦೦೦ ಕೋಳಿಗಳಿರುವ ಮನೆಯಲ್ಲಿ ಅದು ೧,೫೦,೦೦೦ ವಾಟ್ ಆಗುತ್ತದೆ. ಎಂದರೆ ಒಂದು ಸಾವಿರ ವಾಟಿನ ೧೫೦ ಹೀಟರುಗಳನ್ನು ಮುಚ್ಚಿದ ಮನೆಯಲ್ಲಿ ಹಚ್ಚಿಟ್ಟಂತೆ. ಬೇಸಿಗೆಯ ಮಧ್ಯಾಹ್ನ ಫ್ಯಾನುಗಳು ನಿಂತು ಅರ್ಧ ಗಂಟೆ ಯಾರಿಗೂ ತಿಳಿಯದೆ ಹೋದರೆ, ಆರು ವಾರಗಳ ಶ್ರಮ ಮಣ್ಣುಪಾಲಾಗಬಹುದು.

ಈ ಕಾರಣದಿಂದಲೇ ಮುಚ್ಚಿದ ಮನೆಗಳಲ್ಲಿ ಹಲವು ಚಾನೆಲ್‌ಗಳ ಅಲಾರಂ ಕಂಟ್ರೋಲರ್ ಅಳವಡಿಸುತ್ತಾರೆ. ಆದರೆ ಬಹಳ ಕಡೆ ಇದನ್ನು ಕೇವಲ ಸೈರನ್ ಕೂಗಿಸುವ ಪೆಟ್ಟಿಗೆ ಎಂದು ತಿಳಿದಿರುವುದುಂಟು. ವಾಸ್ತವವಾಗಿ ಸೈರನ್ ಕೂಗುವುದು ಅದರ ಒಂದು ಕೆಲಸ ಮಾತ್ರ. ಮನೆಯೊಳಗೆ ನಡೆದುದನ್ನೆಲ್ಲ ಬರೆದಿಡುವುದು ಎರಡನೆಯ ಕೆಲಸ. ರೈತನು ಕೊಟ್ಟ ಸೆಟ್ಟಿಂಗುಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಮೂರನೆಯದು. ಸೈರನ್ ಈ ಗಳಿಗೆಯ ತೊಂದರೆಯನ್ನು ಹೇಳುತ್ತದೆ. ಆ ತೊಂದರೆ ಹೇಗೆ ಬಂದಿತೆಂಬುದನ್ನು ದಾಖಲೆ ಹೇಳುತ್ತದೆ. ಯಂತ್ರ ಕೆಟ್ಟು ಹೊಸದು ಬಂದಾಗ ಕೋಳಿಗಳನ್ನು ಕಾಪಾಡುವುದು ಮೊದಲೇ ತೆಗೆದಿಟ್ಟ ಸೆಟ್ಟಿಂಗಿನ ಪ್ರತಿ. ಕೊನೆಯ ಎರಡನ್ನು ಅಲಕ್ಷಿಸಿದರೆ ಮೊದಲನೆಯದರಿಂದ ಪೂರ್ಣ ಪ್ರಯೋಜನ ದೊರೆಯುವುದಿಲ್ಲ.

ಯಂತ್ರದ ರಚನೆ

ಪ್ರತಿ ಚಾನೆಲ್ಲಿಗೆ ಒಂದು ಸೆನ್ಸರ್ ಅಥವಾ ಒಂದು ಸ್ವಿಚ್ಚಿನ ತಂತಿ ಬಂದು ಸೇರುತ್ತದೆ. ಎಂಟು ಚಾನೆಲ್ಲಿನ ಯಂತ್ರವಾದರೆ ಚಾನೆಲ್‌ಗಳನ್ನು ಕೆಳಗಿನಂತೆ ಹಂಚಿಕೊಳ್ಳಬಹುದು.

೧. ಕೂಲಿಂಗ್ ಪ್ಯಾಡ್ ತುದಿಯ ಉಷ್ಣಾಂಶ
೨. ಫ್ಯಾನ್ ತುದಿಯ ಉಷ್ಣಾಂಶ
೩. ಮನೆಯ ನಡುಭಾಗದ ತೇವಾಂಶ
೪. ಮನೆಯ ಒಳಗಿನ ಗಾಳಿಯ ಒತ್ತಡ
೫. ಕುಡಿಯುವ ನೀರಿನ ಮೀಟರ್
೬. ಮೂರು ಫೇಸ್ ಕರೆಂಟು ಇದೆಯೇ ಇಲ್ಲವೇ ಎಂಬುದು
೭. ಜನರೇಟರ್ ಓಡುತ್ತಿದೆಯೇ ಇಲ್ಲವೇ ಎಂಬುದು
೮. ಅಲಾರಂ ಬ್ಯಾಟರಿಯ ವೋಲ್ಟೇಜ್

ಉಷ್ಣಾಂಶದ ಸೆನ್ಸರುಗಳನ್ನು ಕೋಳಿಯ ಬೆನ್ನಿನ ಎತ್ತರದಲ್ಲಿ, ಹೀಟರಿನ ನೇರ ಶಾಖಕ್ಕೂ ಪ್ಯಾಡಿನ ನೀರಿನ ಸಿಡಿತಕ್ಕೂ ಸಿಗದಂತೆ ತೂಗುಬಿಡಬೇಕು. ಮಾಡಿನ ಹತ್ತಿರ ಕಟ್ಟಿದ ಸೆನ್ಸರ್ ಮಾಡಿನ ಸೆಕೆಯನ್ನು ತಿಳಿಸುತ್ತದೆಯೇ ಹೊರತು ಕೋಳಿಯ ಸೆಕೆಯನ್ನಲ್ಲ.

ಕರೆಂಟಿಗೆ ಪ್ರತ್ಯೇಕ ಚಾನೆಲ್ ಇರಲೇಬೇಕು. ಕರೆಂಟು ಹೋಗಿ ಫ್ಯಾನು ನಿಂತು ಉಷ್ಣಾಂಶ ಮಿತಿ ಮೀರುವವರೆಗೆ ಕಾಯುವುದೆಂದರೆ ಅಮೂಲ್ಯವಾದ ನಿಮಿಷಗಳನ್ನು ಕಳೆದುಕೊಂಡಂತೆ. ಮೂರರಲ್ಲಿ ಒಂದು ಫೇಸ್ ಮಾತ್ರ ಹೋದಾಗಲೂ ಈ ಚಾನೆಲ್ ತಿಳಿಸುವಂತಿರಬೇಕು. ಹಾಗಾದಾಗ ದೀಪಗಳು ಉರಿಯುತ್ತಲೇ ಇರಬಹುದು. ಮೋಟಾರುಗಳು ಮಾತ್ರ ಗೊರಗುಟ್ಟಿ ಸುಡುತ್ತವೆ.

ಸ್ವಿಚ್ಚಿನ ತಂತಿಗಳನ್ನು ಜೋಡಿಸುವಾಗ, ಎಲ್ಲವೂ ಸರಿಯಿದ್ದಾಗ ವಿದ್ಯುತ್ ಹರಿಯುತ್ತಿರುವಂತೆ, ತೊಂದರೆಯಾದಾಗ ತುಂಡಾಗುವಂತೆ ಜೋಡಿಸುವುದು ಕ್ಷೇಮ. ಈ ಕ್ರಮದಲ್ಲಿ ಇಲಿ ತಂತಿ ಕಡಿದರೂ ಸೈರನ್ ಕೂಗುತ್ತದೆ. ಇದಕ್ಕೆ ವಿರುದ್ಧವಾಗಿ ಜೋಡಿಸಿದ್ದರೆ ಕಡಿದ ತಂತಿಯ ಸುಳಿವೇ ಸಿಗದೆ, ಆಪತ್ತಿನ ದಿನ ಯಂತ್ರ ಸುಮ್ಮನಿರುತ್ತದೆ.

ಮಿತಿ ಮತ್ತು ತಡೆ

ಪ್ರತಿ ಚಾನೆಲ್ಲಿಗೂ ಮೇಲಿನ ಮಿತಿ, ಕೆಳಗಿನ ಮಿತಿ ಮತ್ತು ತಡೆಯ ಅವಧಿ ಎಂಬ ಮೂರು ಅಂಕಿಗಳನ್ನು ಕೊಡಬೇಕಾಗುತ್ತದೆ. ಮಿತಿ ಮೀರಿದ ಮೇಲೆ ಎಷ್ಟು ಹೊತ್ತು ಕಾದು ಸೈರನ್ ಕೂಗಬೇಕು ಎಂಬುದೇ ತಡೆಯ ಅವಧಿ. ಕರೆಂಟು ಹೋದ ೨೦ ಸೆಕೆಂಡಿನಲ್ಲಿ ಜನರೇಟರ್ ತಾನೇ ಚಾಲೂ ಆಗುವ ವ್ಯವಸ್ಥೆಯಿದ್ದರೆ, ಕರೆಂಟಿನ ಚಾನೆಲ್ಲಿಗೆ ಒಂದು ನಿಮಿಷದ ತಡೆ ಸಾಕು. ತಡೆ ತೀರ ಕಡಿಮೆಯಾದರೆ ಸುಮ್ಮಸುಮ್ಮನೆ ಕೂಗಿ, ಬೇಸತ್ತ ಆಳು ಸೈರನ್ನಿನ ತಂತಿಯನ್ನೇ ಕಿತ್ತುಹಾಕುತ್ತಾನೆ. ತೀರ ಹೆಚ್ಚಾದರೆ ಎಚ್ಚರಿಕೆಯೇ ತಡವಾಗುತ್ತದೆ.

ಉಷ್ಣಾಂಶದ ಮಿತಿಗಳು ಕೋಳಿಯ ವಯಸ್ಸಿನೊಂದಿಗೆ ಬದಲಾಗಬೇಕು. ಮೊದಲ ದಿನಗಳಲ್ಲಿ ಮರಿಗಳಿಗೆ ೩೨ರಿಂದ ೩೪ ಡಿಗ್ರಿ, ಎರಡನೆಯ ವಾರ ೨೯ರಿಂದ ೩೧, ಮೂರನೆಯ ವಾರ ೨೬ರಿಂದ ೨೮, ನಾಲ್ಕನೆಯ ವಾರ ೨೩ರಿಂದ ೨೫ ಡಿಗ್ರಿ ಸೆಲ್ಸಿಯಸ್ ಸಾಮಾನ್ಯವಾಗಿ ಹಿತಕರ. ಮೊದಲ ದಿನ ಇಟ್ಟ ೩೬ ಡಿಗ್ರಿಯ ಮೇಲ್ಮಿತಿಯನ್ನು ಐದನೆಯ ವಾರದಲ್ಲಿಯೂ ಹಾಗೆಯೇ ಬಿಟ್ಟರೆ, ಸೈರನ್ ಕೂಗುವ ಹೊತ್ತಿಗೆ ದೊಡ್ಡ ಕೋಳಿಗಳು ಏದುಸಿರಿನಿಂದ ಬಳಲಿರುತ್ತವೆ. ಆದ್ದರಿಂದ ಬಹುತೇಕ ಯಂತ್ರಗಳಲ್ಲಿ ದಿನಕ್ಕೆ ತಕ್ಕಂತೆ ಮಿತಿ ತಾನಾಗಿಯೇ ಇಳಿಯುವ ಪಟ್ಟಿಯನ್ನು ತುಂಬುವ ಅನುಕೂಲವಿರುತ್ತದೆ. ಹೀಗೆ ಚಾನೆಲ್‌ಗಳ ಮಿತಿ, ತಡೆ, ವಯಸ್ಸಿನ ಪಟ್ಟಿ, ಫೋನ್ ನಂಬರುಗಳು ಎಲ್ಲ ಸೇರಿ ಯಂತ್ರದೊಳಗಿನ ಅಂಕಿಗಳು ಸುಲಭವಾಗಿ ನೂರನ್ನು ದಾಟುತ್ತವೆ. ಇಷ್ಟನ್ನೂ ಯಾರೂ ಬಾಯಿಪಾಠ ಇಟ್ಟುಕೊಳ್ಳಲಾರರು ಎಂಬುದನ್ನು ಗಮನಿಸಬೇಕು.

ದಾಖಲೆ ಎಂದರೇನು?

ಹವಾಮಾನ ವೀಕ್ಷಣಾಲಯಗಳಲ್ಲಿ, ನಿಧಾನವಾಗಿ ತಿರುಗುವ ಉರುಳೆಯ ಮೇಲೆ ಕಾಗದ ಸುತ್ತಿ, ಅದರ ಮೇಲೆ ಮಸಿಯ ಮುಳ್ಳು ಉಷ್ಣಾಂಶದ ಗೆರೆಯನ್ನು ಎಳೆಯುವ ಉಪಕರಣವನ್ನು ಹಲವರು ನೋಡಿರಬಹುದು. ವಾರಕ್ಕೊಮ್ಮೆ ಕಾಗದ ಬದಲಾಯಿಸಿದರೆ ಏಳು ದಿನಗಳ ಏರಿಳಿತವೆಲ್ಲ ಕಣ್ಣೆದುರಿಗೆ ಬರುತ್ತದೆ. ಅಲಾರಂ ಕಂಟ್ರೋಲರ್ ಮಾಡುವುದೂ ಇದೇ ಕೆಲಸ. ಕಾಗದದ ಬದಲು ಮೆಮೊರಿಯಲ್ಲಿ, ಗೆರೆಯ ಬದಲು ಅಂಕಿಗಳಲ್ಲಿ ಬರೆಯುತ್ತದೆ, ಅಷ್ಟೆ.

ದಾಖಲೆಯಲ್ಲಿ ಎರಡು ಬಗೆ. ಗೊತ್ತಾದ ಸಮಯಕ್ಕೊಮ್ಮೆ ಎಲ್ಲ ಚಾನೆಲ್‌ಗಳ ಅಂಕಿಗಳನ್ನು ಬರೆಯುವುದು ಒಂದು. ಕರೆಂಟು ಹೋಯಿತು, ಸೈರನ್ ಕೂಗಿತು, ಯಾರೋ ಸೈರನ್ ನಿಲ್ಲಿಸಿದರು, ಯಾರೋ ಮಿತಿ ಬದಲಾಯಿಸಿದರು ಎಂಬಂತಹ ಘಟನೆಗಳನ್ನು ಆದಾಗಲೇ ಬರೆಯುವುದು ಇನ್ನೊಂದು. ಎರಡೂ ಇರಬೇಕು.

ಯಂತ್ರದ ಮೆಮೊರಿಗೆ ಒಂದು ಅಳತೆಯಿದೆ. ಅದು ತುಂಬಿದ ಮೇಲೆ ಬಹುತೇಕ ಯಂತ್ರಗಳು ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಬರೆಯುತ್ತವೆ. ಉದಾಹರಣೆಗೆ, ಒಂದು ಯಂತ್ರಕ್ಕೆ ೩೨,೦೦೦ ಅಂಕಿಗಳನ್ನು ಹಿಡಿಯುವ ಶಕ್ತಿಯಿದೆ ಎಂದು ಇಟ್ಟುಕೊಂಡರೆ, ಎಂಟು ಚಾನೆಲ್‌ಗಳ ಲೆಕ್ಕ ಹೀಗೆ ಬರುತ್ತದೆ.

೫ ನಿಮಿಷಕ್ಕೊಮ್ಮೆ ಬರೆದರೆ: ದಿನಕ್ಕೆ ೨,೩೦೪ ಅಂಕಿಗಳು; ಸುಮಾರು ೧೪ ದಿನಗಳಲ್ಲಿ ತುಂಬುತ್ತದೆ.
೧೦ ನಿಮಿಷಕ್ಕೊಮ್ಮೆ ಬರೆದರೆ: ದಿನಕ್ಕೆ ೧,೧೫೨ ಅಂಕಿಗಳು; ಸುಮಾರು ೨೮ ದಿನಗಳಲ್ಲಿ ತುಂಬುತ್ತದೆ.
೧೫ ನಿಮಿಷಕ್ಕೊಮ್ಮೆ ಬರೆದರೆ: ದಿನಕ್ಕೆ ೭೬೮ ಅಂಕಿಗಳು; ೪೨ನೆಯ ದಿನ ತುಂಬುತ್ತದೆ.

ಹದಿನೈದು ನಿಮಿಷದ ಅಂತರವಿಟ್ಟರೆ ಇಡೀ ಬ್ಯಾಚ್ ಹೆಚ್ಚು ಕಡಿಮೆ ಯಂತ್ರದಲ್ಲಿಯೇ ಹಿಡಿಸುತ್ತದೆ ಎಂಬುದು ನಿಜ. ಆದರೆ ಮುಚ್ಚಿದ ಮನೆಯಲ್ಲಿ ಹದಿನೈದು ನಿಮಿಷ ದೀರ್ಘ ಕಾಲ. ಎರಡು ಅಂಕಿಗಳ ನಡುವೆಯೇ ಅನಾಹುತ ನಡೆದುಹೋಗಬಹುದು. ಐದು ನಿಮಿಷದ ಅಂತರವಿಟ್ಟು, ವಾರಕ್ಕೊಮ್ಮೆ ದಾಖಲೆಯನ್ನು ಪೆನ್ ಡ್ರೈವ್‌ಗೆ ಇಳಿಸಿಕೊಳ್ಳುವುದು ಉತ್ತಮ ಕ್ರಮ. ಒಂದು ವಾರ ಮರೆತರೂ ಮುಂದಿನ ವಾರ ಇಳಿಸಿಕೊಳ್ಳಲು ಆಗ ಅವಕಾಶವಿರುತ್ತದೆ. ರೈತರು ತಮ್ಮ ಯಂತ್ರದ ಮೆಮೊರಿ ಎಷ್ಟೆಂಬುದನ್ನು ಅದರ ಕೈಪಿಡಿಯಿಂದ ತಿಳಿದು ಇದೇ ರೀತಿ ಲೆಕ್ಕ ಹಾಕಿಕೊಳ್ಳಬೇಕು.

ಯಂತ್ರದ ಗಡಿಯಾರ ಸರಿಯಿರದಿದ್ದರೆ ದಾಖಲೆಗೆ ಬೆಲೆಯಿಲ್ಲ. ಗಡಿಯಾರವನ್ನು ನಡೆಸುವ, ನಾಣ್ಯದಾಕಾರದ ೩ ವೋಲ್ಟಿನ ಚಿಕ್ಕ ಬ್ಯಾಟರಿ ಸವೆದಾಗ, ಕರೆಂಟು ಹೋಗಿ ಬಂದ ಮೇಲೆ ಯಂತ್ರ ಹಳೆಯ ತಾರೀಖನ್ನು ತೋರಿಸಲು ತೊಡಗುತ್ತದೆ. ತಿಂಗಳಿಗೊಮ್ಮೆ ಗಡಿಯಾರವನ್ನು ಫೋನಿನ ಗಂಟೆಗೆ ಹೋಲಿಸಿ ಸರಿಪಡಿಸಬೇಕು.

ದಾಖಲೆಯನ್ನು ಓದುವ ಬಗೆ

ದಾಖಲೆಯನ್ನು ಇಳಿಸಿಕೊಂಡು ಓದದೆ ಇಡುವುದರಿಂದ ಪ್ರಯೋಜನವಿಲ್ಲ. ಓದುವ ಬಗೆ ತಿಳಿಯಲೆಂದು ಕೆಳಗೆ ಒಂದು ಮಾದರಿ ಕೊಟ್ಟಿದೆ. ಇದರಲ್ಲಿ ಕೋಳಿಗಳಿಗೆ ೩೪ ದಿನ. ಫ್ಯಾನ್ ತುದಿಯ ಮೇಲ್ಮಿತಿ ೨೯ ಡಿಗ್ರಿ. ತಡೆ ೨ ನಿಮಿಷ. ರಾತ್ರಿ ೨-೦೩ಕ್ಕೆ ಕರೆಂಟು ಹೋಗಿ ೨-೦೪ಕ್ಕೆ ಜನರೇಟರ್ ಚಾಲೂ ಆಯಿತೆಂದು ಘಟನೆಗಳ ಪಟ್ಟಿಯಲ್ಲಿದೆ.

ರಾತ್ರಿ ೨-೦೦: ಪ್ಯಾಡ್ ತುದಿ ೨೪.೨, ಫ್ಯಾನ್ ತುದಿ ೨೫.೬
ರಾತ್ರಿ ೨-೦೫: ಪ್ಯಾಡ್ ತುದಿ ೨೪.೨, ಫ್ಯಾನ್ ತುದಿ ೨೫.೭
ರಾತ್ರಿ ೨-೧೦: ಪ್ಯಾಡ್ ತುದಿ ೨೪.೩; ಫ್ಯಾನ್ ತುದಿ ೨೬.೯
ರಾತ್ರಿ ೨-೧೫: ಪ್ಯಾಡ್ ತುದಿ ೨೪.೩, ಫ್ಯಾನ್ ತುದಿ ೨೮.೧
ರಾತ್ರಿ ೨-೨೦: ಪ್ಯಾಡ್ ತುದಿ ೨೪.೪, ಫ್ಯಾನ್ ತುದಿ ೨೯.೪

ಸೈರನ್ ಕೂಗುವುದು ೨-೨೦ರ ಸುಮಾರಿಗೆ. ಎದ್ದು ಬಂದವನಿಗೆ ಜನರೇಟರ್ ಓಡುತ್ತಿರುವ ಸದ್ದು ಕೇಳುತ್ತದೆ, ದೀಪವೂ ಉರಿಯುತ್ತಿರುತ್ತದೆ. ಎಲ್ಲವೂ ಸರಿಯಿದೆ ಎಂದು ಆತ ತಿಳಿಯುವ ಸಂಭವವುಂಟು. ಆದರೆ ಅಂಕಿಗಳು ಬೇರೆ ಮಾತು ಹೇಳುತ್ತವೆ. ಪ್ಯಾಡ್ ತುದಿಯ ಉಷ್ಣಾಂಶ ಬದಲಾಗಿಲ್ಲ, ಎಂದರೆ ಹೊರಗಿನ ಗಾಳಿ ಒಳಗೆ ಬರುತ್ತಿದೆ. ಎರಡು ತುದಿಗಳ ಅಂತರ ಮಾತ್ರ ೧.೪ ಡಿಗ್ರಿಯಿಂದ ೫ ಡಿಗ್ರಿಗೆ ಏರಿದೆ. ಮನೆಯಲ್ಲಿ ಹಾಯುವ ಗಾಳಿ ಅರ್ಧಕ್ಕೆ ಇಳಿದರೆ ಈ ಅಂತರ ಸುಮಾರು ಎರಡು ಪಟ್ಟಾಗುತ್ತದೆ. ಇಲ್ಲಿ ಮೂರು ಪಟ್ಟಿಗೂ ಮೀರಿದೆ. ಆದ್ದರಿಂದ ಜನರೇಟರ್ ಮೇಲೆ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಫ್ಯಾನುಗಳು ಓಡುತ್ತಿವೆ ಎಂದು ತಿಳಿಯಬೇಕು. ಎಲ್ಲ ಫ್ಯಾನುಗಳು ಒಟ್ಟಿಗೆ ಚಾಲೂ ಆಗಲು ಯತ್ನಿಸಿದಾಗ ಜನರೇಟರಿನ ವೋಲ್ಟೇಜ್ ಇಳಿದು, ಕೆಲವು ಕಾಂಟ್ಯಾಕ್ಟರುಗಳು ಹಿಡಿಯದೆ ಬಿಟ್ಟಿರುವುದು ಇದಕ್ಕೆ ಒಂದು ಕಾರಣವಾಗಿರಬಹುದು.

ಇನ್ನೂ ಮುಖ್ಯವಾದುದು ಹಿಂದಿನ ದಿನಗಳ ದಾಖಲೆ. ಇದೇ ಮಾದರಿಯಲ್ಲಿ, ಮೂರು ರಾತ್ರಿಗಳ ಹಿಂದೆಯೂ ಜನರೇಟರ್ ಓಡಿದಾಗ ಅಂತರ ೩ ಡಿಗ್ರಿಗೆ ಏರಿ, ಕರೆಂಟು ಬಂದ ಮೇಲೆ ಇಳಿದಿತ್ತೆಂದು ಭಾವಿಸಬಹುದು. ಮಿತಿ ದಾಟದ ಕಾರಣ ಆ ದಿನ ಸೈರನ್ ಕೂಗಲಿಲ್ಲ. ಮಾರನೆಯ ಬೆಳಿಗ್ಗೆ ದಾಖಲೆಯನ್ನು ನೋಡಿದ್ದರೆ ಜನರೇಟರನ್ನು ದುರಸ್ತಿ ಮಾಡಿಸಲು, ಫ್ಯಾನುಗಳು ಒಂದಾದ ಮೇಲೊಂದು ಚಾಲೂ ಆಗುವಂತೆ ಟೈಮರ್ ಹಾಕಿಸಲು ಮೂರು ದಿನಗಳ ಅವಕಾಶ ಸಿಗುತ್ತಿತ್ತು. ಸೈರನ್ ಕೊಡದ ಎಚ್ಚರಿಕೆಯನ್ನು ದಾಖಲೆ ಮೊದಲೇ ಕೊಟ್ಟಿತ್ತು.

ನೀರಿನ ಮೀಟರಿನ ದಾಖಲೆಯೂ ಅಷ್ಟೇ ಉಪಯುಕ್ತ. ಸಾಧಾರಣ ಹವೆಯಲ್ಲಿ ಕೋಳಿಗಳು ತಿನ್ನುವ ಆಹಾರದ ತೂಕದ ಸುಮಾರು ಎರಡು ಪಟ್ಟು ನೀರು ಕುಡಿಯುತ್ತವೆ. ಸೆಕೆಯಲ್ಲಿ ಇನ್ನೂ ಹೆಚ್ಚು. ವಯಸ್ಸಿನೊಂದಿಗೆ ದಿನದಿಂದ ದಿನಕ್ಕೆ ಏರಬೇಕಾದ ನೀರಿನ ಲೆಕ್ಕ ಏರದೆ ನಿಂತರೆ ಅಥವಾ ಇಳಿದರೆ, ರೋಗ ಕಣ್ಣಿಗೆ ಕಾಣುವ ಮೊದಲೇ ಅದರ ಸುಳಿವು ಸಿಕ್ಕಂತೆ. ನೀರಿನ ಲೆಕ್ಕ ಹಠಾತ್ತನೆ ಏರಿ, ಮಧ್ಯರಾತ್ರಿ ದೀಪ ಆರಿದ ಮೇಲೂ ಮೀಟರ್ ತಿರುಗುತ್ತಿದ್ದರೆ ಪೈಪು ಅಥವಾ ನಿಪ್ಪಲ್ ಸೋರುತ್ತಿದೆ ಎಂದು ತಿಳಿಯಬೇಕು. ಸೋರಿದ ನೀರಿನಿಂದ ನೆಲದ ಹೊಟ್ಟು ಒದ್ದೆಯಾಗಿ ಅಮೋನಿಯ ವಾಸನೆ ಏಳುತ್ತದೆ.

ಸೆಟ್ಟಿಂಗಿನ ಪ್ರತಿ ಏಕೆ ಬೇಕು?

ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಜ್ಯದಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಸಿಡಿಲು ನೇರವಾಗಿ ಮನೆಗೆ ಬಡಿಯಬೇಕೆಂದಿಲ್ಲ. ಹತ್ತಿರದ ಕಂಬಕ್ಕೆ ಬಡಿದರೂ ವಿದ್ಯುತ್ ತಂತಿಯ ಮೂಲಕ, ಸೆನ್ಸರುಗಳ ಉದ್ದನೆಯ ತಂತಿಗಳ ಮೂಲಕ ಯಂತ್ರದೊಳಗೆ ನುಗ್ಗಿ ಕಾರ್ಡನ್ನು ಸುಡಬಲ್ಲದು. ಉತ್ತಮ ಅರ್ಥಿಂಗ್ ಹಾಗೂ ಸಿಡಿಲು ತಡೆಯುವ ಉಪಕರಣಗಳಿಂದ ಈ ಹಾನಿ ಕಡಿಮೆಯಾಗುತ್ತದೆ, ಪೂರ್ಣವಾಗಿ ತಪ್ಪುವುದಿಲ್ಲ.

ಕಾರ್ಡು ಸುಟ್ಟಾಗ ಮೆಕ್ಯಾನಿಕ್ ಬಂದು ಹೊಸ ಕಾರ್ಡನ್ನು ಹಾಕುತ್ತಾನೆ. ಯಂತ್ರದ ದೀಪಗಳು ಹತ್ತುತ್ತವೆ, ಅಂಕಿಗಳು ಕಾಣುತ್ತವೆ. ಕೆಲಸ ಮುಗಿಯಿತೆಂದು ತೋರುತ್ತದೆ. ಆದರೆ ಹೊಸ ಕಾರ್ಡಿನಲ್ಲಿರುವುದು ಕಾರ್ಖಾನೆಯಲ್ಲಿ ತುಂಬಿದ ಸೆಟ್ಟಿಂಗು. ಅದರಲ್ಲಿ ರೈತನ ಫೋನ್ ನಂಬರ್ ಇಲ್ಲ. ಕೋಳಿಗಳ ವಯಸ್ಸೂ ಇಲ್ಲ. ಅಲಾರಂ ಜೊತೆಗೆ ಫ್ಯಾನು, ಹೀಟರುಗಳನ್ನೂ ನಡೆಸುವ ಯಂತ್ರವಾದರೆ ಅಪಾಯ ಇನ್ನೂ ಹೆಚ್ಚು. ೩೦ ದಿನದ ಕೋಳಿಗಳನ್ನು ಒಂದು ದಿನದ ಮರಿಗಳೆಂದು ತಿಳಿದು ಯಂತ್ರವು ಫ್ಯಾನುಗಳನ್ನು ನಿಲ್ಲಿಸಿ ಹೀಟರ್ ಹಚ್ಚಬಹುದು. ಮೇಲ್ಮಿತಿಯೂ ಮರಿಗಳದ್ದೇ ಆದ್ದರಿಂದ ಸೈರನ್ ಕೂಗುವುದು ತಡವಾಗುತ್ತದೆ. ಸಿಡಿಲಿನಿಂದ ಉಳಿದ ಕೋಳಿಗಳು ದುರಸ್ತಿಯಿಂದ ಸಾಯುವ ಪ್ರಸಂಗ ಇದು.

ಸೆಟ್ಟಿಂಗಿನ ಪ್ರತಿ ಕೈಯಲ್ಲಿದ್ದರೆ ಎಲ್ಲ ಅಂಕಿಗಳನ್ನೂ ಕೆಲವು ನಿಮಿಷಗಳಲ್ಲಿ ಮರಳಿ ತುಂಬಬಹುದು. ಪ್ರತಿ ಇಲ್ಲದಿದ್ದರೆ ನೂರಾರು ಅಂಕಿಗಳನ್ನು ನೆನಪಿನಿಂದ, ಅದೂ ರಾತ್ರಿಯ ಗಾಬರಿಯಲ್ಲಿ ತುಂಬಬೇಕಾಗುತ್ತದೆ.

ಪ್ರತಿ ತೆಗೆಯುವ ಕ್ರಮ

೧. ಯಂತ್ರವನ್ನು ಅಳವಡಿಸಿ, ಎಲ್ಲ ಚಾನೆಲ್‌ಗಳನ್ನು ಪರೀಕ್ಷಿಸಿ, ಸರಿಯಿದೆ ಎಂದು ಖಚಿತವಾದ ದಿನವೇ ಮೊದಲ ಪ್ರತಿಯನ್ನು ತೆಗೆಯಬೇಕು. ತಪ್ಪು ಸೆಟ್ಟಿಂಗಿನ ಪ್ರತಿಯಿಂದ ತಪ್ಪೇ ಮರಳಿ ಬರುತ್ತದೆ.

೨. ಆ ಬಳಿಕ ಯಾವುದೇ ಮಿತಿ, ತಡೆ ಅಥವಾ ಫೋನ್ ನಂಬರ್ ಬದಲಾಯಿಸಿದಾಗಲೆಲ್ಲ ಹೊಸ ಪ್ರತಿ ತೆಗೆಯಬೇಕು. ಯಂತ್ರದ ಸಾಫ್ಟ್‌ವೇರ್ ಬದಲಾಯಿಸುವ ಮುನ್ನ ತಪ್ಪದೆ ಪ್ರತಿ ತೆಗೆಯಬೇಕು.

೩. ಪೆನ್ ಡ್ರೈವನ್ನು ಈ ಕೆಲಸಕ್ಕೆಂದೇ ಮೀಸಲಿಡಬೇಕು. ಹಾಡು, ಸಿನಿಮಾ ತುಂಬಿ ಊರೆಲ್ಲ ಸುತ್ತಿ ಬಂದ ಪೆನ್ ಡ್ರೈವ್ ವೈರಸ್ ತರುತ್ತದೆ. ಯಂತ್ರ ಅದನ್ನು ಓದದೆಯೂ ಇರಬಹುದು.

೪. ಬರೆಯುವುದು ಮುಗಿಯಿತೆಂದು ಯಂತ್ರ ತೋರಿಸುವವರೆಗೆ ಪೆನ್ ಡ್ರೈವನ್ನು ಕೀಳಬಾರದು. ಅರ್ಧ ಬರೆದ ಫೈಲು ಕೆಲಸಕ್ಕೆ ಬಾರದು.

೫. ಪ್ರತಿ ಫೈಲಿಗೂ ಮನೆಯ ಸಂಖ್ಯೆ, ತಾರೀಖು, ಯಂತ್ರದ ಮಾದರಿ ಹಾಗೂ ಸಾಫ್ಟ್‌ವೇರ್ ಆವೃತ್ತಿಯ ಸಂಖ್ಯೆ ತಿಳಿಯುವಂತೆ ಹೆಸರಿಡಬೇಕು. ಒಂದು ಮಾದರಿಯ ಫೈಲನ್ನು ಇನ್ನೊಂದು ಮಾದರಿ ಸ್ವೀಕರಿಸದೆ ಇರಬಹುದು.

೬. ಹಳೆಯ ಪ್ರತಿಯ ಮೇಲೆ ಹೊಸದನ್ನು ಬರೆಯಬಾರದು. ಕೊನೆಯ ಮೂರು ನಾಲ್ಕು ಪ್ರತಿಗಳನ್ನು ಉಳಿಸಿಕೊಂಡರೆ, ಈಚಿನದರಲ್ಲಿ ತಪ್ಪು ಕಂಡುಬಂದಾಗ ಹಿಂದಿನದಕ್ಕೆ ಮರಳಬಹುದು.

೭. ಒಂದು ಪ್ರತಿಯನ್ನು ಫಾರಂನಲ್ಲಿ, ಇನ್ನೊಂದನ್ನು ವಾಸದ ಮನೆಯಲ್ಲಿ ಇಡಬೇಕು. ಯಂತ್ರದ ಪೆಟ್ಟಿಗೆಯೊಳಗೇ ಪೆನ್ ಡ್ರೈವ್ ಇಡುವ ಅಭ್ಯಾಸ ತಪ್ಪು. ಯಂತ್ರವನ್ನು ಸುಟ್ಟ ಸಿಡಿಲು ಪೆನ್ ಡ್ರೈವನ್ನು ಬಿಡುವುದಿಲ್ಲ.

೮. ಮುಖ್ಯ ಅಂಕಿಗಳನ್ನು ಒಂದು ನೋಟ್ ಪುಸ್ತಕದಲ್ಲಿ ಕೈಯಿಂದ ಬರೆದಿಡಬೇಕು, ಅಥವಾ ಯಂತ್ರದ ಪ್ರತಿ ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದಿಡಬೇಕು. ಪ್ರತಿ ತೆಗೆಯುವ ಸೌಲಭ್ಯವೇ ಇಲ್ಲದ ಹಳೆಯ ಯಂತ್ರಗಳಿಗೆ ಇದೊಂದೇ ದಾರಿ. ಪಾಸ್‌ವರ್ಡನ್ನು ಬರೆದು ಲಕೋಟೆಯಲ್ಲಿ ಮನೆಯಲ್ಲಿಟ್ಟು, ಅದು ಇರುವ ಜಾಗವನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿರಬೇಕು.

ಮರಳಿ ತುಂಬಿದ ನಂತರದ ಪರೀಕ್ಷೆ

ಪ್ರತಿಯನ್ನು ಯಂತ್ರಕ್ಕೆ ಮರಳಿ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಾಲ್ಕು ವಿಷಯಗಳನ್ನು ನೋಡಲೇಬೇಕು. ಮೊದಲನೆಯದಾಗಿ, ಗಡಿಯಾರ ಮತ್ತು ಕೋಳಿಗಳ ವಯಸ್ಸು. ಪ್ರತಿ ತೆಗೆದಾಗ ಕೋಳಿಗೆ ೧೨ ದಿನವಿದ್ದರೆ, ೩೦ನೆಯ ದಿನ ತುಂಬಿದಾಗಲೂ ಯಂತ್ರ ೧೨ ಎಂದೇ ತೋರಿಸಬಹುದು. ಎರಡನೆಯದಾಗಿ, ಸೆನ್ಸರುಗಳ ತಿದ್ದುಪಡಿ ಅಂಕಿ. ಹಳೆಯ ಸೆನ್ಸರ್ ಒಂದು ಡಿಗ್ರಿ ಹೆಚ್ಚು ತೋರಿಸುತ್ತಿದ್ದುದರಿಂದ ಅದನ್ನು ಒಂದು ಡಿಗ್ರಿ ತಗ್ಗಿಸಿ ಓದುವಂತೆ ಮಾಡಿದ್ದಿರಬಹುದು. ಹೊಸ ಸೆನ್ಸರ್ ಹಾಕಿದ ಮೇಲೂ ಆ ತಿದ್ದುಪಡಿ ಉಳಿದರೆ ಸರಿಯಾದ ಸೆನ್ಸರ್ ತಪ್ಪು ಹೇಳುತ್ತದೆ. ಮೂರನೆಯದಾಗಿ, ಫೋನ್ ನಂಬರುಗಳು. ನಾಲ್ಕನೆಯದಾಗಿ, ಪ್ರತಿ ಚಾನೆಲ್ಲಿನಲ್ಲಿಯೂ ತೊಂದರೆಯನ್ನು ಬೇಕೆಂದೇ ಉಂಟುಮಾಡಿ, ಸೈರನ್ ಕೂಗುವುದನ್ನೂ ಫೋನ್ ಬರುವುದನ್ನೂ ಕಣ್ಣಾರೆ, ಕಿವಿಯಾರೆ ಖಚಿತಪಡಿಸಿಕೊಳ್ಳುವುದು.

ಈ ಅಭ್ಯಾಸವನ್ನು ಒಂದು ಬ್ಯಾಚ್ ಮುಗಿದು ಮನೆ ಖಾಲಿಯಿರುವ ದಿನಗಳಲ್ಲಿ ಮಾಡಿ ನೋಡಬೇಕು. ಮನೆಯನ್ನು ತೊಳೆದು ಸುಣ್ಣ ಬಳಿಯುವ ಆ ದಿನಗಳಲ್ಲಿ ತಪ್ಪಾದರೂ ನಷ್ಟವಿಲ್ಲ. ಒಮ್ಮೆಯೂ ಮರಳಿ ತುಂಬಿ ನೋಡದ ಪ್ರತಿಯನ್ನು ನಂಬಿ ಕೂರುವುದು, ಮೊಳಕೆ ಪರೀಕ್ಷೆ ಮಾಡದ ಬೀಜವನ್ನು ಬಿತ್ತಿದಂತೆ.

ಸೆನ್ಸರುಗಳ ಸರಳ ಪರೀಕ್ಷೆ

ತಪ್ಪು ಓದುವ ಸೆನ್ಸರಿನ ದಾಖಲೆ ದಾರಿ ತಪ್ಪಿಸುತ್ತದೆ. ನೀರು ತಾಗಿದರೂ ಕೆಡದ ಉಷ್ಣಾಂಶದ ಸೆನ್ಸರಾದರೆ, ಲೋಟದಲ್ಲಿ ಪುಡಿ ಮಾಡಿದ ಐಸು ತುಂಬಿ ಸ್ವಲ್ಪ ನೀರು ಹಾಕಿ, ಸೆನ್ಸರನ್ನು ಅದರಲ್ಲಿ ಮುಳುಗಿಸಿ ಕಲಕುತ್ತಿರಬೇಕು. ಕೆಲವು ನಿಮಿಷಗಳಲ್ಲಿ ಅದು ೦ ಡಿಗ್ರಿಯನ್ನು ತೋರಿಸಬೇಕು.

ತೇವಾಂಶದ ಸೆನ್ಸರನ್ನು ನೀರಿಗೆ ತಾಗಿಸಬಾರದು. ಒಂದು ಚಿಕ್ಕ ಬಟ್ಟಲಿನಲ್ಲಿ ಅಡುಗೆ ಉಪ್ಪಿಗೆ ತುಸು ನೀರು ಬೆರೆಸಿ, ಒದ್ದೆ ಮರಳಿನ ಹದ ಮಾಡಬೇಕು. ಬಟ್ಟಲನ್ನೂ ಸೆನ್ಸರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಟ್ಟರೆ ಡಬ್ಬಿಯೊಳಗಿನ ತೇವಾಂಶ ಶೇಕಡ ೭೫ರ ಸುಮಾರಿಗೆ ನಿಲ್ಲುತ್ತದೆ. ಸೆನ್ಸರ್ ಇದಕ್ಕಿಂತ ಬಹಳ ವ್ಯತ್ಯಾಸ ತೋರಿಸಿದರೆ ತಿದ್ದುಪಡಿ ಮಾಡಬೇಕು, ಇಲ್ಲವೆ ಸೆನ್ಸರನ್ನು ಬದಲಾಯಿಸಬೇಕು.

ಅಲಾರಂನ ೧೨ ವೋಲ್ಟಿನ ಬ್ಯಾಟರಿ ಪೂರ್ಣ ತುಂಬಿದ್ದು, ಚಾರ್ಜರಿನಿಂದ ಬಿಡಿಸಿ ಕೆಲ ಗಂಟೆ ಇಟ್ಟ ಮೇಲೆ ಸುಮಾರು ೧೨.೭ ವೋಲ್ಟ್ ತೋರಿಸುತ್ತದೆ. ೧೨ಕ್ಕಿಂತ ಕೆಳಗಿಳಿದಿದ್ದರೆ ಅದರ ಮೇಲೆ ಭರವಸೆ ಇಡುವಂತಿಲ್ಲ. ಸಿಮ್ ಕಾರ್ಡ್ ಮೂಲಕ ಫೋನ್ ಮಾಡುವ ಯಂತ್ರವಾದರೆ ರೀಚಾರ್ಜಿನ ಅವಧಿಯನ್ನೂ ನೋಡಿಕೊಳ್ಳಬೇಕು. ಕೆಲವು ನೂರು ರೂಪಾಯಿಗಳ ರೀಚಾರ್ಜ್ ಮರೆತುದರಿಂದ ಲಕ್ಷಾಂತರ ರೂಪಾಯಿಗಳ ಬ್ಯಾಚ್ ಅಪಾಯಕ್ಕೆ ಸಿಲುಕಬಾರದು.

ಇಷ್ಟೆಲ್ಲ ಮಾಡಿದ ಮೇಲೂ, ಕಂಟ್ರೋಲರಿಗೆ ಸಂಬಂಧವೇ ಇಲ್ಲದ ಒಂದು ಸಾದಾ ಥರ್ಮೋಸ್ಟಾಟ್, ಅದಕ್ಕೊಂದು ಬ್ಯಾಟರಿ ಮತ್ತು ಸೈರನ್ ಬೇರೆಯಾಗಿಯೇ ಇರುವುದು ಲೇಸು. ಕಂಟ್ರೋಲರ್ ತಾನೇ ಕೆಟ್ಟು ನಿಂತ ದಿನ ಕೂಗುವುದು ಅದೊಂದೇ.

ಕೆಲಸಗಳ ವೇಳಾಪಟ್ಟಿ

ಪ್ರತಿ ದಿನ ಬೆಳಿಗ್ಗೆ: ಹಿಂದಿನ ೨೪ ಗಂಟೆಗಳ ಹೆಚ್ಚಿನ ಮತ್ತು ಕಡಿಮೆ ಉಷ್ಣಾಂಶ, ಎರಡು ತುದಿಗಳ ಅಂತರ, ನೀರಿನ ಲೆಕ್ಕ ಮತ್ತು ಸತ್ತ ಕೋಳಿಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುವುದು. ಘಟನೆಗಳ ಪಟ್ಟಿಯನ್ನು ಒಮ್ಮೆ ಓದುವುದು.

ವಾರಕ್ಕೊಮ್ಮೆ: ದಾಖಲೆಯನ್ನು ಪೆನ್ ಡ್ರೈವ್‌ಗೆ ಇಳಿಸುವುದು. ಒಂದು ಚಾನೆಲ್ಲಿನ ತಂತಿ ಬಿಡಿಸಿ ಸೈರನ್ ಮತ್ತು ಫೋನ್ ಪರೀಕ್ಷಿಸುವುದು. ಜನರೇಟರನ್ನು ಬರಿದೆ ಓಡಿಸದೆ, ಫ್ಯಾನುಗಳ ಹೊರೆ ಹಾಕಿ ಓಡಿಸುವುದು.

ತಿಂಗಳಿಗೊಮ್ಮೆ: ಗಡಿಯಾರ, ಬ್ಯಾಟರಿ, ರೀಚಾರ್ಜ್ ನೋಡುವುದು.

ಎರಡು ಬ್ಯಾಚ್‌ಗಳ ನಡುವೆ: ಸೆನ್ಸರುಗಳನ್ನು ಐಸು ಹಾಗೂ ಉಪ್ಪಿನಿಂದ ಪರೀಕ್ಷಿಸುವುದು. ಸೆಟ್ಟಿಂಗಿನ ಪ್ರತಿಯನ್ನು ಮರಳಿ ತುಂಬಿ ನೋಡುವುದು. ಅರ್ಥಿಂಗ್ ಪರೀಕ್ಷಿಸುವುದು. ಮುಗಿದ ಬ್ಯಾಚಿನ ದಾಖಲೆಯನ್ನು ಅದರ ತೂಕ, ಆಹಾರ ಪರಿವರ್ತನೆ ಮತ್ತು ಸಾವಿನ ಲೆಕ್ಕದ ಜೊತೆ ಇಟ್ಟು ಹೋಲಿಸುವುದು.

ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಅರ್ಧ ಗಂಟೆ ಈ ಕೆಲಸಕ್ಕೆ ಸಾಕು. ಖರ್ಚು ಎಂದರೆ ಎರಡು ಪೆನ್ ಡ್ರೈವ್, ಒಂದು ನೋಟ್ ಪುಸ್ತಕ. ವಿಸ್ತರಣಾ ಕಾರ್ಯಕರ್ತರು ಮುಚ್ಚಿದ ಕೋಳಿಮನೆಗಳಿಗೆ ಭೇಟಿ ಕೊಟ್ಟಾಗ, ಸೈರನ್ ಕೂಗುತ್ತದೆಯೇ ಎಂದು ಕೇಳುವುದರ ಜೊತೆಗೆ, ಕಳೆದ ವಾರದ ದಾಖಲೆ ಎಲ್ಲಿದೆ, ಸೆಟ್ಟಿಂಗಿನ ಪ್ರತಿ ಯಾವ ತಾರೀಖಿನದು ಎಂಬ ಎರಡು ಪ್ರಶ್ನೆಗಳನ್ನೂ ಕೇಳುವುದು ಒಳ್ಳೆಯದು. ಈ ಎರಡಕ್ಕೂ ಕೂಡಲೇ ಉತ್ತರ ಕೊಡಬಲ್ಲ ರೈತನ ಯಂತ್ರ ಸಿಡಿಲಿಗೆ ಸುಟ್ಟರೂ, ಹೊಸ ಕಾರ್ಡು ಕೈಗೆ ಬಂದ ಕೂಡಲೇ ಅವನ ಕೋಳಿಮನೆ ಮತ್ತೆ ಹಳಿಗೆ ಬರುತ್ತದೆ.